ಮುಚ್ಚಿದ ಅಂಗಡಿಯ ಮುಂದಿನ ವರ್ಷ

ಆಗಿಹೋದ ಮಾರಾಟದ ರಿಪೋರ್ಟ್ ಮಾಡಿ ಮಾಡಿ ನನಗೆ ವಾಕರಿಕೆ ಬಂದಿತ್ತು. ಓದುವವರಿಲ್ಲ, ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಹಾಗಾಗಿ ಅದೇ ಕಂಪನಿಯಲ್ಲಿ ಪ್ಲಾನಿಂಗ್ ಸಾಫ್ಟ್‌ವೇರ್ ಕೆಲಸಕ್ಕೆ ಹಾರಿದೆ. ಮುಂದಿನ ವರ್ಷದ ಮಾರಾಟವನ್ನು ಅಂಗಡಿ, ಸರಕು, ತಿಂಗಳು ಎಂದು ಎಲ್ಲ ಮಗ್ಗುಲಿನಿಂದಲೂ ತೋರಿಸುವ ಸಾಫ್ಟ್‌ವೇರ್ ಅದು.

ಮೊದಲ ದಿನವೇ ಮ್ಯಾನೇಜರು ಪರದೆಯ ಮೇಲ್ಗಡೆ, ಒಟ್ಟು ಮಾರಾಟದ ಜಾಗದಲ್ಲಿ ತಮಗೆ ಬೇಕಾದ ಮೊತ್ತ ಒತ್ತಿದರು. ಅದು ಕೆಳಗಿನ ಅಂಗಡಿಗಳಿಗೆಲ್ಲ ತಾನಾಗಿಯೇ ಹಂಚಿಕೆಯಾಯಿತು. ಬಸ್ ನಿಲ್ದಾಣದ ಅಂಗಡಿಗೂ ಪಾಲು ಬಂತು.

"ಸಾರ್, ಆ ಅಂಗಡಿ ಮುಚ್ಚಿ ವರ್ಷ ಆಯ್ತಲ್ಲ."

"ಹೌದಾ? ನಮಗೆ ಯಾರೂ ಹೇಳಲೇ ಇಲ್ಲವಲ್ಲಪ್ಪ."

ಪ್ರತಿ ತಿಂಗಳೂ ನಾನೇ ಹೇಳಿದ್ದೆ, ರಿಪೋರ್ಟಿನ ಮೊದಲ ಪುಟದಲ್ಲಿ, ಕೆಂಪಕ್ಷರದಲ್ಲಿ. ಕೆಂಪು ಕಣ್ಣಿಗೆ ಚುಚ್ಚುತ್ತೆ, ಹಸಿರು ಮಾಡಪ್ಪ ಎಂದು ಪ್ರತಿ ತಿಂಗಳೂ ಹೇಳಿಕಳಿಸುತ್ತಿದ್ದವರು ಇವರೇ.