ನೂರ ಹದಿನೇಳನೇ ಪ್ರಸ್ತಾವ

ಗಡ್ಡದವನ ಮೂಗಿನ ಮೇಲೇ ಸುಕ್ಕು ಬಿದ್ದಿದೆ, ಸರಿಯಾಗಿ ಮೂಗಿನ ಮೇಲೆ, ಬ್ಯಾನರಿನ ಆ ತುದಿ ಹಿಡಿದವನು ಎಳೆದರೆ ಬಾಯಿ ಸೊಟ್ಟಗಾಗುತ್ತದೆ, ಈ ತುದಿಯವನು ಎಳೆದರೆ ಒಂದು ಕಣ್ಣು ಕಿರಿದಾಗುತ್ತದೆ, ಇರಲಿ, ಹಾಗೇ ಇರಲಿ, ಎಂದು ಅವಳು ಅಂದುಕೊಂಡಳೇ ಹೊರತು ಬಾಯಿ ಬಿಟ್ಟು ಹೇಳಲಿಲ್ಲ, ಬ್ಯಾನರು ಕಟ್ಟಿಸುವುದು ಪ್ರಚಾರದವರ ಕೆಲಸ, ಅವಳದು ಯಾರು ಮಾತಾಡಬೇಕು ಯಾರು ಬಾಯಿ ಮುಚ್ಚಿಕೊಂಡು ಕೂರಬೇಕು ಎಂದು ತೀರ್ಮಾನಿಸುವ ಕೆಲಸ, ಆದರೆ ಈ ಗಡ್ಡದವನನ್ನು ಅವಳು ಆರಿಸಿದ್ದಲ್ಲ, ದುಡ್ಡು ಹಾಕುವ ಕಂಪನಿ ತಂದು ತಲೆಗೆ ಕಟ್ಟಿದ್ದು — ಮುಖ್ಯ ಭಾಷಣಕಾರನಂತೆ, ವೆಬ್ಬಿನ ಭವಿಷ್ಯ ಹೇಳುತ್ತಾನಂತೆ, ಹೋದ ಆರು ಸಮ್ಮೇಳನಗಳಲ್ಲೂ ಅದೇ ಭವಿಷ್ಯ, ಅದೇ ಮೂವತ್ತೆರಡು ಸ್ಲೈಡು, ಹತ್ತನೆಯದರಲ್ಲಿ ಅದೇ ಬೆಕ್ಕು, ಬೆಕ್ಕು ಬಂದಾಗ ಜನ ನಗಬೇಕು, ನಗುವ ತನಕ ಅವನು ನೀರು ಕುಡಿಯುತ್ತ ನಿಂತಿರುತ್ತಾನೆ, ಒಂದು ಬಟನ್ನನ್ನು ಪುಟದ ನಡುವೆ ನೆಟ್ಟಗೆ ನಿಲ್ಲಿಸಲು ಬಾರದವನು ಭವಿಷ್ಯವನ್ನು ಎಲ್ಲಿ ನಿಲ್ಲಿಸುತ್ತಾನೋ. ಆರುನೂರು ಕುರ್ಚಿ, ನೀಲಿ ಬಟ್ಟೆ ಹೊದಿಸಿದ್ದು, ಖಾಲಿ ಇರುವಾಗಲೇ ಸಭಾಂಗಣ ಚೆನ್ನ, ಇನ್ನು ಆರು ವಾರಕ್ಕೆ ಇಲ್ಲಿ ವೆಬ್ ಡೆವಲಪರುಗಳು ತುಂಬುತ್ತಾರೆ, ಒಬ್ಬೊಬ್ಬರ ಮಡಿಲಲ್ಲೂ ಲ್ಯಾಪ್‌ಟಾಪು, ಅದರ ಮುಚ್ಚಳದ ತುಂಬ ಬಿಟ್ಟಿ ಸಿಕ್ಕ ಸ್ಟಿಕ್ಕರು, ಸ್ಟಿಕ್ಕರು ಹೆಚ್ಚಾದಷ್ಟೂ ಬುದ್ಧಿ ಕಮ್ಮಿ, ಇದನ್ನು ಅವಳು ಹದಿನೈದು ವರ್ಷದಿಂದ ನೋಡಿದ್ದಾಳೆ. ಆ ಕಡೆ ತುತ್ತೂರಿ ಪ್ರಚಾರದ ವಿಡಿಯೋಗೆಂದು ಕರೆಸಿದ ಕ್ಯಾಮೆರಾದವನಿಗೆ ಕೈ ಬೀಸಿ ಬೀಸಿ ಹೇಳುತ್ತಿದ್ದಾನೆ, ಇಲ್ಲಿಂದ ಬನ್ನಿ ಸಾರ್, ನಿಧಾನಕ್ಕೆ ವೇದಿಕೆ ಹತ್ತಿ, ಹತ್ತುವಾಗ ಸೂರ್ಯ ಹುಟ್ಟಿದಂಗೆ ಲೈಟ್ ಬರ್ಬೇಕು — ಪ್ರಚಾರ ನೋಡಿಕೊಳ್ಳುವವನಿಗೆ ಆ ಹೆಸರಿಟ್ಟವಳು ಅವಳೇ, ಮೂವತ್ತೆಂಟು ವಯಸ್ಸು, ಎರಡು ಮಕ್ಕಳ ತಂದೆ, ಮುಂದಲೆ ಬೋಳಾಗುತ್ತ ಬಂದಿದೆ, ಇವತ್ತಿಗೂ ದಿನಕ್ಕೆ ಮೂರು ಸಲ ಇನ್ನೆಷ್ಟು ದಿನ ಉಳಿಯಿತು ಎಂದು ಸಮ್ಮೇಳನದ ಪುಟದಲ್ಲಿ ಊದುತ್ತಾನೆ, ಜೊತೆಗೊಂದು ರಾಕೆಟ್ಟಿನ ಚಿತ್ರ. ಆ ಪೋಸ್ಟುಗಳನ್ನೂ ಮೆಚ್ಚುವವರಿದ್ದಾರಲ್ಲ, ಅದು ಅವಳಿಗೆ ಇನ್ನೂ ದೊಡ್ಡ ಆಶ್ಚರ್ಯ.

ಕೂರಲು ಮನಸ್ಸಿಲ್ಲ, ಆದರೂ ಕೊನೇ ಸಾಲಿನಲ್ಲಿ ಕೂತಳು, ಬೆಳಿಗ್ಗೆ ಹತ್ತಕ್ಕೇ ಮುಖ್ಯ ಕೆಲಸ ಮುಗಿಸಿ ಬಂದಿದ್ದಾಳೆ, ಇನ್ನೂರ ಹದಿನಾಲ್ಕು ಪ್ರಸ್ತಾವ, ನಾವು ಈ ವಿಷಯ ಮಾತಾಡ್ತೀವಿ ನಮಗೂ ಅರ್ಧ ಗಂಟೆ ಕೊಡಿ ಎಂದು ಕೈಯೊಡ್ಡಿದವರು, ಅದರಲ್ಲಿ ಹದಿನೆಂಟನ್ನು ಇಟ್ಟುಕೊಂಡು ನೂರ ತೊಂಬತ್ತಾರಕ್ಕೆ ಇಲ್ಲ ಎಂದು ಒಂದೇ ಏಟಿಗೆ ಮೇಲ್ ಕಳಿಸಿ ಕೈ ತೊಳೆದುಕೊಂಡಿದ್ದಾಳೆ. ಹೆಸರು ಮುಚ್ಚಿ ಓದುವ ಪದ್ಧತಿ ತಂದವಳೂ ಅವಳೇ, ಹೆಸರಿಲ್ಲ ಊರಿಲ್ಲ ಕಂಪನಿಯಿಲ್ಲ, ಬರೀ ನಂಬರು, ಮುಖ ನೋಡಿ ಮಣೆ ಹಾಕುವುದು ನನ್ನ ಸಮಿತಿಯಲ್ಲಿ ನಡೆಯುವುದಿಲ್ಲ ಎಂದು ಎರಡು ಪತ್ರಿಕೆಗೆ ಸಂದರ್ಶನ ಕೊಟ್ಟಿದ್ದಾಳೆ, ಒಂದೊಂದನ್ನೂ ಪೂರ್ತಿ ಓದುತ್ತೇವೆ ಎಂದೂ ಹೇಳಿದ್ದಾಳೆ, ಪೂರ್ತಿ ಅಂದರೆ — ಮೂರು ಸಾಲು ಓದಿದರೆ ಗೊತ್ತಾಗುವುದಿಲ್ಲವೇ, ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಪಾತ್ರೆಯೆಲ್ಲ ಉಣ್ಣಬೇಕೇ. ಮೇಡಂ, ಒಂದ್ನಿಮಿಷ, ಎಂದು ತುತ್ತೂರಿ ಏದುಸಿರು ಬಿಡುತ್ತ ಬಂದು ಫೋನನ್ನು ಮೂಗಿಗೇ ಹಿಡಿದ, ಇದು ನಮ್ದಾ ಮೇಡಂ, ನಾವೇ ಕಳ್ಸಿದ್ದಾ. ಯಾವನೋ ಒಬ್ಬ ತನಗೆ ಬಂದ ಮೇಲನ್ನು ಹಾಗೇ ಚಿತ್ರ ತೆಗೆದು ಊರಿಗೆಲ್ಲ ತೋರಿಸಿದ್ದಾನೆ, ಪ್ರಿಯ ಅರ್ಜಿದಾರರೇ, ನಿಮ್ಮ ಪ್ರಸ್ತಾವ ಈ ಬಾರಿ ಆಯ್ಕೆಯಾಗಿಲ್ಲ, ಪರಿಶೀಲಕರ ಅಭಿಪ್ರಾಯ: ಇವರಿಗೆ ಮಾತಾಡುವ ಚಪಲ ಇದೆ, ಮಾತು ಇಲ್ಲ. ಅವಳ ವಾಕ್ಯ, ಅವಳದೇ, ಆದರೆ ಅದು ಪಟ್ಟಿಯಲ್ಲಿ ಸಮಿತಿಯೊಳಗಿನ ಕಾಲಮ್ಮಿನದು, ನಾಲ್ಕು ಗೋಡೆಯ ಮಧ್ಯೆ ಓದಿ ನಕ್ಕು ಮರೆಯಬೇಕಾದದ್ದು, ಅರ್ಜಿದಾರರಿಗೆ ಅಂತ ಪಕ್ಕದಲ್ಲೇ ಇನ್ನೊಂದು ಕಾಲಮ್ಮು ಇತ್ತಲ್ಲ, ಪೈಪೋಟಿ ಬಹಳವಿತ್ತು, ಮುಂದಿನ ವರ್ಷ ಮತ್ತೆ ಪ್ರಯತ್ನಿಸಿ ಅಂತ ಬೆಣ್ಣೆ ಸವರಿದ ಸಾಲು — ಮೇಲ್ ಕಳಿಸುವ ಪ್ರೋಗ್ರಾಮನ್ನು ಯಾರ ಕೈಗೂ ಕೊಡದೆ ತಾನೇ ಬರೆದಿದ್ದಳು, ಹನ್ನೊಂದು ಸಾಲು, ಈಗಿನ ಹುಡುಗರು ಕೆಡಿಸಿಯಾರು ಎಂದು, ಮೊದಲು ತನಗೇ ಒಂದು ಕಳಿಸಿ ಪರೀಕ್ಷೆ ಕೂಡ ಮಾಡಿದ್ದಳು, ಪರೀಕ್ಷೆಯ ಸಾಲಿನಲ್ಲಿ ಎರಡೂ ಕಾಲಮ್ಮಿಗೆ ಟೆಸ್ಟ್ ಎಂದೇ ತುಂಬಿದ್ದಳು, ಟೆಸ್ಟ್ ಎಂದು ಬಂತು, ಸರಿಯಾಗಿದೆ ಎಂದು ಗುಂಡಿ ಒತ್ತಿದಳು, ಹೋದದ್ದು ಸಮಿತಿಯ ಕಾಲಮ್ಮು. ಮೊದಲ ತಿಂಗಳು ಕೆಲಸಕ್ಕೆ ಸೇರಿದವನು ಮಾಡುವ ತಪ್ಪು, ಅಂಥವನನ್ನು ಅವಳು ಎಷ್ಟು ಸಲ ನಿಲ್ಲಿಸಿ ನೀರಿಳಿಸಿಲ್ಲ. ಮುಖಕ್ಕೆ ಬಿಸಿ ಹತ್ತಿತು, ತಪ್ಪಿಗೆ ಹತ್ತಿದ್ದು, ಬರೆದ ಮಾತಿಗಲ್ಲ, ಮಾತು ನಿಜವೇ ಇತ್ತಲ್ಲ. ತುತ್ತೂರಿ ಮಾತ್ರ ಹಲ್ಲು ಕಿರಿಯುತ್ತಿದ್ದಾನೆ, ಮೇಡಂ ಬೇಜಾರ್ ಮಾಡ್ಕೋಬೇಡಿ, ಜನ ಬೈತಿದಾರೆ, ಆದ್ರೆ ಬೈಕೊಂಡೇ ಟಿಕೆಟ್ ತಗೋತಿದಾರೆ, ಒಂದ್ ಗಂಟೇಲಿ ತೊಂಬತ್ತು ಹೋಗಿದೆ, ರಾಕೆಟ್ ಹಾಕಿದ್ರೂ ಇಷ್ಟು ಹೋಗಿರ್ಲಿಲ್ಲ, ಇಷ್ಟು ಕಟ್ಟುನಿಟ್ಟಿನ ಸಮ್ಮೇಳನ ಅಂತಲೇ ಪೋಸ್ಟರ್ ಮಾಡೋಣ್ವಾ, ನಿಮ್ ಮಾತಲ್ಲಿ ಯಾವುದು ಬೆಸ್ಟು ಹೇಳಿ. ಛೀ ಅನ್ನಬೇಕಿತ್ತು, ಅನ್ನಲು ಬಾಯಿ ತೆರೆದಳು ಕೂಡ, ಆದರೆ ಬೆಸ್ಟು ಯಾವುದು ಎಂದು ಕೇಳಿದರೆ ಮನಸ್ಸು ತಾನಾಗಿ ಹುಡುಕುತ್ತದಲ್ಲ, ಮತ್ತು ಅದು ಯಾವುದೆಂದು ಅವಳಿಗೆ ಗೊತ್ತೇ ಇತ್ತು, ಸಮಿತಿಯವರು ಟೀ ಲೋಟ ಕೆಳಗಿಟ್ಟು ನಕ್ಕದ್ದು ಒಂದಕ್ಕೇ, ನೂರ ಹದಿನೇಳಕ್ಕೆ: ಇಪ್ಪತ್ತೆರಡು ವರ್ಷ ಒಂದೇ ಪುಟವನ್ನು ಒರೆಸಿಕೊಂಡು ಕೂತವರು ಇನ್ನು ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಲಿ, ಇವರಿಗೆ ವೇದಿಕೆ ಬೇಡ, ಆರಾಮಕುರ್ಚಿ ಸಾಕು. ನೂರ ಹದಿನೇಳು ನೋಡಿ, ಎಂದಳು. ತುತ್ತೂರಿ ಪಟ್ಟಿಯಲ್ಲಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ, ಹತ್ತೇ ನಿಮಿಷ ಮೇಡಂ ಎಂದು ಓಡಿದ. ಅವನು ನಕ್ಕದ್ದು ಅವಳಿಗೆ ಸ್ವಲ್ಪ ಹಿತವಾಗಿಯೇ ಇತ್ತು.

ಫೋನು ಅದುರಿತು, ಅಕ್ಕ, ಈಗ ಯಾಕೆ, ಡಿಪೋ ಆಫೀಸಿನಲ್ಲಿ ಈ ಹೊತ್ತಿಗೆ ಟೀ ಬಿಡುವು, ಬಿಡುವಿನಲ್ಲಿ ಅಕ್ಕ ಸಮ್ಮೇಳನದ ಪುಟ ನೋಡುತ್ತಾಳೆ, ತುತ್ತೂರಿ ಹಾಕಿದ ಪ್ರತಿಯೊಂದಕ್ಕೂ ಮೊದಲ ಮೆಚ್ಚುಗೆಯ ಹೆಬ್ಬೆಟ್ಟು ಅವಳದೇ, ರಾಕೆಟ್ಟಿಗೂ ಹೆಬ್ಬೆಟ್ಟು, ತಂಗಿಯ ಮುಖ ಎಲ್ಲಾದರೂ ಕಂಡರೆ ಎರಡು ಸಲ ಫೋನು, ಎಷ್ಟು ಸಲ ಹೇಳಬೇಕು ನಾಚಿಕೆಯಾಗುತ್ತದೆ ಎಂದು. ಪುಟ್ಟಿ, ಕೆಲಸದಲ್ಲಿದೀಯಾ, ಆಮೇಲೆ ಮಾಡ್ಲಾ. ಹೇಳಕ್ಕ, ಬೇಗ ಹೇಳು. ಏನಿಲ್ಲ, ನಿಂಗೆ ಒಂದು ಹೇಳಿರ್ಲಿಲ್ಲ, ಹೇಳಿದ್ರೆ ನಿಂಗೆ ಮುಜುಗರ, ಅಕ್ಕ ಅಂತ ಜಾಗ ಕೊಟ್ಲು ಅಂತ ನಾಲ್ಕು ಜನ ಆಡ್ಕೋತಾರೆ, ಹೆಸರು ಮುಚ್ಚಿ ಓದ್ತಾರೆ ಅಂತ ನೀನೇ ಪೇಪರಲ್ಲಿ ಹೇಳಿದ್ಯಲ್ಲ, ಅದಕ್ಕೇ ಧೈರ್ಯ ಮಾಡಿ ನಾನೂ ಒಂದು ಕಳಿಸ್ದೆ. ಏನು ಕಳಿಸ್ದೆ. ಅದೇ, ನಮ್ಮ ಬಸ್ಸಿನ ಪುಟದ ಬಗ್ಗೆ — ಬಸ್ಸಿನ ಪುಟ, ಯಾವ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಬಿಟ್ಟು ಬೇರೇನೂ ಇಲ್ಲದ ಪುಟ, ಮೇಲೆ ಹೊಸತು ಎಂಬ ಕೆಂಪು ಮಾತು ಇಪ್ಪತ್ತೆರಡು ವರ್ಷದಿಂದ ಮಿಣಕ್ ಮಿಣಕ್ ಅನ್ನುವ ಪುಟ, ಗೆಳೆಯರಿಗೆ ತೋರಿಸಿ ಇದನ್ನು ಮಾಡಿದವರು ನಮ್ಮ ಮನೆಯವರೇ ಎಂದು ಹೇಳದೆ ನಕ್ಕಿದ್ದ ಪುಟ, ಆದರೆ ನೂರ ಹದಿನೇಳರಲ್ಲಿ ಬಸ್ಸು ಎಲ್ಲಿತ್ತು, ಒಂದು ಸಣ್ಣ ಕಚೇರಿ ಎಂದಿತ್ತು, ಒಂದು ಸಣ್ಣ ಕಚೇರಿಯ ಒಂದು ಪುಟ, ಗುರುತು ಸಿಗುವಂಥದ್ದೇನೂ ಬರೆಯಬಾರದು ಎಂಬ ನಿಯಮ ಅವಳೇ ಬರೆದದ್ದು, ಬೇರೆಯವರು ಯಾರೂ ಪಾಲಿಸಲಿಲ್ಲ, ಅಕ್ಕ ಪಾಲಿಸಿದ್ದಾಳೆ, ಬಸ್ಸು ಅಳಿಸಿ ಡಿಪೋ ಅಳಿಸಿ ತನ್ನನ್ನೇ ಅಳಿಸಿಕೊಂಡು ತಂಗಿಗೂ ಗುರುತು ಸಿಗದಂತೆ ಬರೆದಿದ್ದಾಳೆ. ಏನೋ ಬರೆದಿದಾರೆ ಕಣೆ, ಓದ್ತೀನಿ ಕೇಳು, ಎಂದು ಅಕ್ಕ ಓದಿದಳು, ಡಿಪೋದಲ್ಲಿ ಮೈಕು ಹಿಡಿದು ಬಸ್ಸು ಕೂಗುವ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ, ಮೊಮ್ಮಕ್ಕಳನ್ನು, ಆಡಿಸಲಿ — ಮೊಮ್ಮಕ್ಕಳ ಮಾತು ಬಿಡು, ಪಾಪ ಅವನಿಗೇನು ಗೊತ್ತು ನಂಗೆ ಮದುವೆನೇ ಆಗಿಲ್ಲ ಅಂತ. ಅವನಿಗೆ ಗೊತ್ತಿಲ್ಲ, ಅವಳಿಗೆ ಗೊತ್ತು, ಪುಟ್ಟಿ ಓದು ಒಂದು ಮುಗೀಲಿ ಎಂದು ಅಕ್ಕ ಅಂದದ್ದಕ್ಕೆ ಬಂದ ಎರಡು ಸಂಬಂಧ ವಾಪಸು ಹೋದದ್ದು ಗೊತ್ತು, ಮೂರನೆಯದು ಬರಲೇ ಇಲ್ಲವೆಂದೂ ಗೊತ್ತು. ಬರೆದೋನು ಯಾರೋ ಸಣ್ಣ ವಯಸ್ಸಿನ ಗಂಡಸಿರ್ಬೇಕು, ಅಂಥೋರ ಮಧ್ಯೆ ನೀನು ಹೆಂಗೆ ಏಗ್ತೀಯೋ, ಹುಷಾರು ಪುಟ್ಟಿ, ನಾಳೆ ನಿನ್ನ ಮೇಲೂ ಹಿಂಗೇ ಬರೀತಾರೆ. ಈಗ ಹೇಳಬೇಕು, ಈಗ, ನಾನೇ, ಅಕ್ಕ ಎನ್ನುವುದು ಎರಡೇ ಮಾತು. ಒಂದೇ ಒಂದು ಕೇಳ್ಬೇಕಿತ್ತು ಕಣೆ, ಅವನು ಪೂರ್ತಿ ಓದಿದ್ನಾ. ಓದಿದಾನೆ ಅಕ್ಕ, ಎಂದಳು, ಎಷ್ಟು ಸಲೀಸಾಗಿ ಬಂತು, ಅವನು ಹಂಗೇ, ಎಲ್ಲರಿಗೂ ಹಂಗೇ ಬರೀತಾನೆ, ಮನಸ್ಸಿಗೆ ಹಚ್ಕೋಬೇಡ. ಹಂಗಾದ್ರೆ ಸರಿ, ಎಂದಳು ಅಕ್ಕ, ಓದಿ ಹೇಳಿದ್ದಾದ್ರೆ ಸರಿ.

ನೂರ ಹದಿನೇಳನ್ನು ತೆರೆದಳು, ಮೂರು ಸಾಲು, ಅಲ್ಲಿಗೆ ಅವತ್ತು ನಿಲ್ಲಿಸಿದ್ದು, ನಾಲ್ಕನೆಯ ಸಾಲಿನಿಂದ ಇದೇ ಮೊದಲು — ಈ ಪುಟ ಅತ್ಯಂತ ಹಳೆಯ ಫೋನಿನಲ್ಲೂ ಎರಡು ಸೆಕೆಂಡಿಗೆ ತೆರೆಯುತ್ತದೆ, ಯಾಕೆಂದರೆ ಅದನ್ನು ನೋಡುವವರು ನಿಂತುಕೊಂಡು ನೋಡುತ್ತಾರೆ, ಒಂದು ಕೈಯಲ್ಲಿ ಚೀಲ ಇರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಇದು ನಿಂತದ್ದು ನಾಲ್ಕು ಗಂಟೆ ಮಾತ್ರ, ನಾಲ್ಕಕ್ಕೂ ಕಾರಣ ಬರೆದಿಟ್ಟಿದ್ದೇನೆ — ಗಡ್ಡದವನ ಮೂವತ್ತೆರಡು ಸ್ಲೈಡು ಹಿಂಡಿದರೂ ಇಂಥ ಒಂದು ಹನಿ ಬೀಳುವುದಿಲ್ಲ, ಇದು ಅವಳಿಗೆ ಗೊತ್ತಾಗುತ್ತಿತ್ತು, ಓದಿದ್ದರೆ ಗೊತ್ತಾಗುತ್ತಿತ್ತು. ಕೊನೆಯಲ್ಲಿ ಅರ್ಜಿಯ ಪ್ರಶ್ನೆ, ಈ ಮಾತನ್ನು ನೀವೇ ಯಾಕೆ ಹೇಳಬೇಕು, ಗಡವಗಳೆಲ್ಲ ಪುಟಗಟ್ಟಲೆ ತಮ್ಮ ತುತ್ತೂರಿ ಊದಿಕೊಂಡ ಜಾಗದಲ್ಲಿ ಎರಡೇ ಸಾಲು: ಬರುವ ತಿಂಗಳು ಈ ಪುಟ ಮುಚ್ಚಿ ಬೇರೆ ತರುತ್ತಾರೆ. ಇದು ಇಷ್ಟು ವರ್ಷ ಹೇಗೆ ನಡೆಯಿತು ಎಂಬುದನ್ನು ತಿಳಿದವರು ಒಮ್ಮೆ ಕೇಳಿಸಿಕೊಂಡರೆ ಸಾಕು. ಈ ಎರಡು ಸಾಲು ಬಡಿಯಲು ಅಕ್ಕನಿಗೆ ಎಷ್ಟು ಹೊತ್ತು ಹಿಡಿದಿರಬೇಕು, ಒಂದೇ ಬೆರಳು ಅವಳದು, ಬಲಗೈ ತೋರುಬೆರಳು, ಡಿಪೋಗೆ ಬಂದ ಮೊದಲ ಕಂಪ್ಯೂಟರಿಗೆ ಎಲ್ಲರೂ ಹೆದರಿ ದೂರ ಕೂತಾಗ ಪುಸ್ತಕ ಮಡಿಲಲ್ಲಿಟ್ಟುಕೊಂಡು ಆ ಬೆರಳಿನಲ್ಲಿ ಕಲಿತದ್ದು, ರಜೆಯ ದಿನ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೋಡಿಲ್ಲಿ ಪುಟ್ಟಿ, ಕೋಡಲ್ಲಿ ತೆರೆದದ್ದನ್ನ ಮುಚ್ಚಲೇಬೇಕು, ಎಂದು ಆ ಬೆರಳಿನಲ್ಲೇ ಕಲಿಸಿದ್ದು, ಆಮೇಲೆ ತಂಗಿಯ ಆಫೀಸಿಗೆ ಬಂದಾಗ ನಾಲ್ಕು ಜನರೆದುರು ಅದೇ ಒಂದು ಬೆರಳಿನಲ್ಲಿ ಟಕ್, ಟಕ್, ಮೈಯೆಲ್ಲ ಹಿಡಿಯಾದಂತಾಗಿ, ಕೊಡಕ್ಕ ನಾನು ಬಡೀತೀನಿ ಎಂದು ಕೀಬೋರ್ಡು ಕಿತ್ತುಕೊಂಡಿದ್ದಳಲ್ಲ. ಪೋಸ್ಟರು — ಎದ್ದಳು, ಕುರ್ಚಿಯ ನೀಲಿ ಬಟ್ಟೆ ಕಾಲಿಗೆ ತೊಡರಿತು, ರೀ, ಆ ಪೋಸ್ಟರ್ ಬೇಡ, ನಿಲ್ಸಿ. ತುತ್ತೂರಿ ವೇದಿಕೆಯ ಮೇಲಿಂದಲೇ ಫೋನು ಎತ್ತಿ ತೋರಿಸಿದ, ಆಗ್ಲೇ ಹಾಕ್ದೆ ಮೇಡಂ, ನಿಮಗೆ ಸರ್ಪ್ರೈಸ್ ಇರ್ಲಿ ಅಂತ ನಿಮ್ ಫೋಟೋನೂ ಹಾಕಿದೀನಿ, ನಗ್ತಿರೋದು. ಇವರಿಗೆ ವೇದಿಕೆ ಬೇಡ, ಆರಾಮಕುರ್ಚಿ ಸಾಕು, ದಪ್ಪ ಅಕ್ಷರ, ಕೆಳಗೆ ಅವಳ ಹೆಸರು, ಆಯ್ಕೆ ಸಮಿತಿಯ ಅಧ್ಯಕ್ಷೆ, ಪಕ್ಕದಲ್ಲಿ ಅವಳು, ಎಲ್ಲ ಹಲ್ಲೂ ಕಾಣುವಂತೆ. ತೆಗೀರಿ, ಈಗ್ಲೇ ತೆಗೀರಿ. ಯಾಕೆ ಮೇಡಂ, ಮೂರ್ ನಿಮಿಷಕ್ಕೆ ನಾನೂರು ಜನ ನೋಡಿದಾರೆ. ಆದರೆ ಅವಳು ಎಣಿಸುತ್ತಿದ್ದುದು ನಾನೂರನ್ನಲ್ಲ, ಮೊದಲನೆಯ ಒಬ್ಬಳನ್ನು, ಇವತ್ತು ಹೆಬ್ಬೆಟ್ಟು ಬಿದ್ದಿಲ್ಲ, ಎಂದೂ ತಪ್ಪದೆ ಬೀಳುತ್ತಿದ್ದದ್ದು ಬಿದ್ದಿಲ್ಲ, ಟೀ ಬಿಡುವು ಇನ್ನೂ ಮುಗಿದಿಲ್ಲ, ಕೈಯಲ್ಲಿ ಫೋನು ಸಣ್ಣಗೆ ಬೆಳಗಿತು, ಮೇಲೆ ಅಕ್ಕ, ಅದರ ಕೆಳಗೆ ಬರೆಯುತ್ತಿದ್ದಾರೆ ಎಂಬ ಅಕ್ಷರ, ಓದಿದಾನೆ ಅಕ್ಕ, ಅವನು ಹಂಗೇ, ಎಂದು ಈಗಷ್ಟೇ ತಾನೇ ಹೇಳಿದ್ದು — ಬರೆಯುತ್ತಿದ್ದಾರೆ, ನಿಂತಿತು, ಅಳಿಸುತ್ತಿರಬೇಕು, ಬರೆಯುತ್ತಿದ್ದಾರೆ, ಬೈಗುಳವಾದರೆ ಇಷ್ಟು ಹೊತ್ತು ಹಿಡಿಯುವುದಿಲ್ಲ, ಇಲ್ಲ, ಹಿಡಿಯುತ್ತದೆ, ಅಕ್ಕನಿಗೆ ಎಲ್ಲಕ್ಕೂ ಇಷ್ಟೇ ಹೊತ್ತು ಹಿಡಿಯುತ್ತದೆ, ಬೆರಳು ಅಕ್ಷರ ಹುಡುಕುತ್ತದೆ, ಇಳಿಯುತ್ತದೆ, ಏಳುತ್ತದೆ, ನಿಂತಿತು, ಬರೆಯುತ್ತಿದ್ದಾರೆ, ಬೆರಳು ಇಳಿಯುತ್ತದೆ, ಏಳುತ್ತದೆ, ಒಂದೇ ಬೆರಳು