ಅಕ್ಕನ ಬಲಗೈ ಬೆರಳು

ಮತ್ತೆ ಅದೇ ಸದ್ದು, ಮೇಲಕ್ಕೂ ಹೋಗದ ಕೆಳಕ್ಕೂ ಇಳಿಯದ ಮೊಂಡು ಸದ್ದು, ಬೆಳ್ಳಿಯಾದರೆ ಲೋಹ ಹುಡುಕುವ ಈ ಯಂತ್ರ ಗಂಟೆಯ ಹಾಗೆ ಕೂಗುತ್ತದೆ, ಕಬ್ಬಿಣವಾದರೆ ಗುರುಗುಟ್ಟುತ್ತದೆ, ಇದು ಎರಡೂ ಅಲ್ಲ, ಇದು ಬಿಯರ್ ಡಬ್ಬಿಯ ಕಿವಿ, ಬೆರಳು ತೂರಿಸಿ ಎಳೆದು ಬಿಸಾಡುತ್ತಾರಲ್ಲ ಆ ಚೂರು, ಇಲ್ಲವೇ ಚಿನ್ನ, ತೆಳು ಚಿನ್ನದ ಸದ್ದೂ ಇದೇ, ನನ್ನ ಗ್ರಹಚಾರ — ಬಗ್ಗಬೇಕು, ಸೊಂಟ ಬೇಡ ಅನ್ನುತ್ತದೆ, ಸಲಿಕೆ ಊರಿಕೊಂಡು ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು, ಹೆಂಟೆ ಮಗುಚಿ ಬೆರಳಲ್ಲಿ ಪುಡಿ ಮಾಡಿದರೆ ಡಬ್ಬಿಯ ಕಿವಿಯೇ, ಬೇಸಿಗೆಯಲ್ಲಿ ಸಮುದ್ರಕ್ಕೆ ಹೋಗುವ ಜನವೆಲ್ಲ ಈ ಹೊಲದ ಬದುವಿನಲ್ಲೇ ಕೂತು ಕುಡಿದಿರಬೇಕು, ಎಡಜೇಬು ತುಂಬಿ ಗಿಲಗಿಲ ಅನ್ನುತ್ತಿದೆ, ಹುಡುಕುವ ಬಳ್ಳಿ ಕಾಲಿಗೆ ತೊಡರುತ್ತದಂತೆ, ನನ್ನ ಕಾಲಿಗೆ ತೊಡರುವುದು ಬರೀ ಗುಜರಿ. ಏನಮ್ಮಾ ಕೊಪ್ಪರಿಗೆ ರಾಣಿ, ಬೆಟ್ಟ ಅಗೆದು ಇಲಿ ಹಿಡಿದ್ಯಾ — ಎಬ್ಬೆ ಭಾವ ಹಿಂದೆಲ್ಲ ಹೀಗೆ ಕಾಡುತ್ತಿದ್ದ, ಹೊಲ ಅವನದು, ಕಾಡುವ ಹಕ್ಕೂ ಅವನದೇ, ಮೀನಿಗೆ ಹೊಗೆ ಹಾಕುವ ಗೂಡಿನಲ್ಲಿ ಕೆಲಸ ಮುಗಿಸಿ ಹೆರಿಂಗ್ ಮೀನಿನ ವಾಸನೆ ಹೊತ್ತುಕೊಂಡೇ ಇಲ್ಲಿಗೆ ಬರುತ್ತಿದ್ದೆ, ನಿನ್ನ ಹಿಂದೆ ಊರಿನ ಬೆಕ್ಕೆಲ್ಲ ಬರ್ತಾವೆ ನೋಡು, ನನ್ ಹೊಲದಲ್ಲಿ ಇಲೀನೇ ಉಳಿಯಲ್ಲ ಅನ್ನುತ್ತಿದ್ದ. ಈಗ ಕಾಡುವುದಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಕಾಫಿ ಫ್ಲಾಸ್ಕ್ ಕೈಗೆ ಕೊಟ್ಟು, ನನ್ನ ಮುಖ ನೋಡದೆ, ಸಿಗತ್ತೆ ಅಂತೀಯಾ ಅಂದ. ಸಿಗತ್ತೆ ಭಾವ ಅಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ನನಗೇ ಗೊತ್ತಿಲ್ಲ.

ಎದ್ದೇಳು ಬೋದಿಲ್, ನನಗೆ ನಾನೇ ಅಂದುಕೊಳ್ಳುತ್ತೇನೆ, ಮಣ್ಣಲ್ಲಿ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ, ಅಕ್ಕನೂ ಹೀಗೆಯೇ ಮಂಡಿಯೂರಿ ಕೂತಿದ್ದಳು ಆ ವಸಂತದಲ್ಲಿ, ಈ ದ್ವೀಪದ ಹೊಲಗಳು ಪ್ರತಿ ಚಳಿಗಾಲವೂ ಕಲ್ಲು ಹಡೆಯುತ್ತವೆ, ಹಿಮ ಕರಗಿದ ಮೇಲೆ ಮನೆಮಂದಿಯೆಲ್ಲ ಬಂದು ಆಯ್ದು ಗಾಡಿಗೆ ತುಂಬಬೇಕು, ರಿಗ್ಮೋರ್ ಅಕ್ಕ ಕೈಗವಸು ಹಾಕುತ್ತಿರಲಿಲ್ಲ, ಗವಸು ಹಾಕಿದ್ರೆ ಕಲ್ಲು ಯಾವುದು ಆಲೂಗಡ್ಡೆ ಯಾವುದು ತಿಳಿಯಲ್ಲ ಕಣೇ ಅನ್ನುತ್ತಿದ್ದಳು, ಚಳಿಗೆ ಬೆರಳು ಕುಗ್ಗಿ ಮದುವೆಯ ಉಂಗುರ ಎಲ್ಲಿ ಜಾರಿತೋ, ಸಂಜೆ ಕೈ ತೊಳೆಯುವಾಗ ಬಲಗೈ ಬೆರಳಲ್ಲಿ ಬಿಳಿ ಗೆರೆ ಮಾತ್ರ. ತೀರಾ ತೆಳು ಉಂಗುರ ಅದು, ಹಸು ಕೊಂಡ ವರ್ಷವೇ ಮದುವೆ, ಹಸುವಿಗೆ ಕೊಟ್ಟು ಉಳಿದದ್ದರಲ್ಲಿ ಉಂಗುರ, ಒಳಗೆ ಎಬ್ಬೆ ಅಂತ ಹೆಸರು, ಮದುವೆಯ ದಿನ. ಅತ್ತಳು. ಭಾವ ನಕ್ಕುಬಿಟ್ಟ, ಹೋಗ್ಲಿ ಬಿಡು, ನಮ್ ಹೊಲಾನೂ ನಿನ್ನನ್ನ ಮದ್ವೆ ಆಯ್ತು ಅಂದ್ಕೋ. ಒಂದು ಮಾತು ಬೈಯಲಿಲ್ಲ, ನಾನೇ ಅಲ್ಲಿದ್ದೆ, ಒಂದೇ ಒಂದು ಮಾತು. ಈಗ ವೃದ್ಧಾಶ್ರಮದ ಕಿಟಕಿಯ ಹತ್ತಿರ ಕೂತು ಅಕ್ಕ ಎಲ್ಲ ಮರೆತಿದ್ದಾಳೆ, ಹಸು, ಹೊಲ, ನಾವು ಹುಟ್ಟಿದ ಮನೆ, ಉಂಗುರ ಕಳೆದದ್ದೊಂದನ್ನು ಮರೆತಿಲ್ಲ, ಹೆಬ್ಬೆರಳಿನಿಂದ ಆ ಬೋಳು ಬೆರಳಿನ ಬುಡವನ್ನು ಉಜ್ಜುತ್ತಾಳೆ, ಉಜ್ಜುತ್ತಾಳೆ, ಚರ್ಮ ಕೆಂಪಾಗಿ ಸುಲಿದಿದೆ, ನರ್ಸ್ ಪಟ್ಟಿ ಸುತ್ತಿದರೆ ಪಟ್ಟಿಯ ಮೇಲೂ ಉಜ್ಜುತ್ತಾಳೆ, ಎಲ್ಲಿಟ್ಟೆನೋ, ಅವನು ಬೈತಾನೆ, ಮನೆಯಿಂದ ಆಚೆ ಹಾಕ್ತಾನೆ. ಹೆದರಿಕೆ, ಬೆಳಗಿನಿಂದ ಸಂಜೆಯವರೆಗೂ ಹೆದರಿಕೆ, ಹುಡುಗಿಯಾಗಿದ್ದಾಗ ಗೂಳಿಗೂ ಹೆದರದವಳು. ಭಾವ ಪಕ್ಕದಲ್ಲೇ ಕೂತಿದ್ದ, ಅವನ ತೋಳು ಹಿಡಿದು ಅವನಿಗೇ ಹೇಳಿದಳಲ್ಲ, ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ ಗಂಡನಿಗೆ ಹೇಳ್ಬೇಡಿ. ಅವನು ಎದ್ದು ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತ. ಹೊಸ ಉಂಗುರ ತಂದ, ಅಂಗಡಿಯ ದಪ್ಪ ಹೊಳಪಿನ ಉಂಗುರ, ಹೆಸರನ್ನೂ ಕೆತ್ತಿಸಿದ್ದ ಪಾಪ, ತೊಡಿಸಿದರೆ ಕಿತ್ತು ಹೂದಾನಿಯೊಳಗೆ ಬಚ್ಚಿಟ್ಟಳು, ಇದು ಯಾರದ್ದೋ, ನಾನು ಕದ್ದಿಲ್ಲ, ನಾನು ಕಳ್ಳಿ ಅಲ್ಲ.

ಪಕ್ಕದ ಹೊಲದಲ್ಲಿ ಯೆಪ್ಪೆಯ ಟ್ರ್ಯಾಕ್ಟರ್ ತಿರುಗುತ್ತಿದೆ, ಹಿಂದೆ ಕಡಲಹಕ್ಕಿಗಳ ದಂಡು, ಈ ಹೊಲವನ್ನು ಅವನೇ ಗೇಣಿಗೆ ಮಾಡುತ್ತಿದ್ದಾನೆ, ನಾಳೆ ಇಲ್ಲಿ ಗೋಧಿ ಬಿತ್ತನೆ, ಬಿತ್ತಿದ ಮೇಲೆ ಮುಂದಿನ ಕೊಯ್ಲಿನವರೆಗೂ ಕಾಲಿಡುವಂತಿಲ್ಲ, ಬಿತ್ತಿದ ಹೊಲ ತುಳಿಯುವವರಿಗೆ ಇಲ್ಲಿ ಯಾರೂ ಎರಡನೇ ಸಲ ಬಾಗಿಲು ತೆರೆಯುವುದಿಲ್ಲ. ಅಕ್ಕ ಮುಂದಿನ ಕೊಯ್ಲಿನವರೆಗೆ ಇರ್ತಾಳಾ ಅಂದಾಗ ಡಾಕ್ಟರು ತಮ್ಮ ಪೆನ್ನನ್ನೇ ನೋಡಿದರು. ಹಾಗಾಗಿ ಇವತ್ತು. ಇಷ್ಟು ವರ್ಷ ಇದೇ ಹೊಲವನ್ನು ಜಾಲಾಡಿದ್ದೇನೆ, ಸಿಕ್ಕಿದ್ದು ಅಂಗಿಯ ಗುಂಡಿಗಳು, ಹಳೆಯ ಕಡಲ ವ್ಯಾಪಾರದಲ್ಲಿ ಬಂದ ಅರಬರ ಬೆಳ್ಳಿ ನಾಣ್ಯದ ತುಂಡುಗಳು, ಒಂದು ಕಂಚಿನ ಹಕ್ಕಿ, ಆದರೆ ಡಬ್ಬಿಯ ಕಿವಿಗಳ ಕಾಟಕ್ಕೆ ಆ ಮೊಂಡು ಸದ್ದಿನ ಬಾಯಿಯನ್ನೇ ಮುಚ್ಚಿಸಿದ್ದೆ, ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು, ಸಮುದ್ರದ ದಾರಿಯ ಹೊಲಗಳಲ್ಲಿ ಯಂತ್ರ ಹಿಡಿದ ನಮ್ಮವರೆಲ್ಲ ಮಾಡುವುದೇ ಅದು, ಅಕ್ಕನ ಉಂಗುರದ ಮೇಲೆ ಎಷ್ಟು ಸಲ ನಡೆದುಹೋದೆನೋ, ಅದು ಕೂಗಿಕೊಂಡಿದ್ದರೂ ನನಗೆ ಕೇಳಿಸುತ್ತಿರಲಿಲ್ಲ, ಈಗ ಬಾಯಿ ಬಿಚ್ಚಿಸಿದ್ದೇನೆ, ಹೆಜ್ಜೆಗೊಂದು ಕೂಗು, ಅಗೆ, ಕಿವಿ, ಜೇಬಿಗೆ, ಅಗೆ, ಸಾಕಾಗಿದೆ, ನಿಜವಾಗಿಯೂ ಸಾಕಾಗಿದೆ. ಬೋದಿಲ್, ಇನ್ನೂ ಇದೀರಾ, ಮನೇಗ್ ಹೋಗಿ ಮಾರಾಯ್ತಿ, ಕತ್ತಲಾಗ್ತಾ ಬಂತು — ಯೆಪ್ಪೆ ಟ್ರ್ಯಾಕ್ಟರಿನಿಂದಲೇ ಕೂಗುತ್ತಾನೆ, ಒಳ್ಳೆಯ ಹುಡುಗ, ಇವತ್ತೊಂದು ದಿನ ತಡೆದದ್ದೇ ದೊಡ್ಡದು, ಇದೊಂದ್ ಸಾಲಪ್ಪ ಅನ್ನುತ್ತೇನೆ, ಇದೊಂದು, ಮತ್ತೆ ಅದೇ ಸದ್ದು, ಮಂಡಿ, ಇನ್ನೊಂದು ಮಂಡಿ, ಹೆಂಟೆ ಒಡೆಯಿತು. ಹಳದಿ. ಚಿನ್ನಕ್ಕೆ ಮಣ್ಣು ಅಂಟುವುದಿಲ್ಲ, ಎಷ್ಟು ವರ್ಷ ಹೂತರೂ ಈಗ ತಾನೇ ಬಿದ್ದ ಹಾಗೆ ಬರುತ್ತದೆ. ಅಕ್ಕಾ ಅಂತ ಕೂಗಿಬಿಟ್ಟೆ, ಹೊಲಕ್ಕೆಲ್ಲ ಕೇಳುವ ಹಾಗೆ. ತೆಳು ಉಂಗುರ, ಎಂಜಲು ಹಚ್ಚಿ ಒರೆಸಿ ಒಳಗೆ ಹೆಸರು ನೋಡುತ್ತೇನೆ, ಕನ್ನಡಕ ಏರಿಸಿ ನೋಡುತ್ತೇನೆ, ಬೆಳಕಿಗೆ ತಿರುಗಿಸಿ ನೋಡುತ್ತೇನೆ. ಹೆಸರಿಲ್ಲ. ದಿನವಿಲ್ಲ. ಅಂಚು ಅಂಕುಡೊಂಕು, ಸುತ್ತಿಗೆಯಲ್ಲಿ ತಟ್ಟಿದ್ದು, ಇದನ್ನು ಮಾಡಿದವನು ಸತ್ತು ಸಾವಿರ ವರ್ಷ ದಾಟಿದೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ, ಬೇರೆ ದಿನವಾಗಿದ್ದರೆ ಈ ಸೊಂಟದಲ್ಲೇ ಕುಣಿಯುತ್ತಿದ್ದೆ, ಮ್ಯೂಸಿಯಮ್ಮಿನ ಸಿಗ್ನೆಗೆ ಇಲ್ಲಿಂದಲೇ ಫೋನ್ ಮಾಡಿ ಕಿರುಚುತ್ತಿದ್ದೆ, ಈಗ ಉಳುಮೆಯ ಸಾಲಿನಲ್ಲಿ ಕೂತು ಅಳುತ್ತಿದ್ದೇನೆ, ಚಿನ್ನ ಸಿಕ್ಕಿತು ಅಂತ ಅಳುವ ಹೆಂಗಸು. ಚಿಕ್ಕ ಚೀಲಕ್ಕೆ ಹಾಕಬೇಕು, ಸಿಕ್ಕ ಜಾಗ ಗುರುತು ಹಾಕಬೇಕು, ನೆಲದೊಳಗಿನ ಹಳೆಯ ಚಿನ್ನ ಬೆಳ್ಳಿ ದೇಶದ್ದು, ನನ್ನದೂ ಅಲ್ಲ ಭಾವನದೂ ಅಲ್ಲ, ಇವತ್ತಿನವರೆಗೂ ಒಂದು ಮೊಳೆಯನ್ನೂ ಮುಚ್ಚಿಟ್ಟವಳಲ್ಲ ನಾನು, ನಿಮ್ಮಂಥವರು ಇರೋದಕ್ಕೇ ನಾವು ನೆಮ್ಮದಿಯಾಗಿ ನಿದ್ದೆ ಮಾಡ್ತೀವಿ ಬೋದಿಲ್ ಅಂದಿದ್ದಳು ಸಿಗ್ನೆ. ಬೆರಳಿಗೆ ಹಾಕಿ ನೋಡಿದೆ, ಯಾಕೆ ಹಾಕಿದೆನೋ, ಸಲೀಸಾಗಿ ಇಳಿಯಿತು. ಅಂಗೈ ಕಡೆಯಲ್ಲಿ ನೂಲಿನಷ್ಟು ಸವೆದಿದೆ, ಅಲ್ಲಿಗೆ ನನ್ನ ಹೆಬ್ಬೆರಳು ತಾನಾಗಿ ಹೋಗಿ ಕೂತಿತು, ಹೋಗಿ ಕೂತು ಉಜ್ಜಿತು, ಅಂದರೆ ಆ ಕಾಲದಲ್ಲಿ ಇದನ್ನು ತೊಟ್ಟವಳೂ ಉಜ್ಜುತ್ತಿದ್ದಳು, ಯಾರೋ ಏನೋ, ಯಾವ ಹೆದರಿಕೆಗೋ. ಚೀಲ ಬಲಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಕಾರಿನಲ್ಲೂ ತೆಗೆಯಲಿಲ್ಲ, ದಾರಿಯುದ್ದಕ್ಕೂ ನಾನು ಕಳ್ಳಿ ಅಲ್ಲ, ನಾನು ಕಳ್ಳಿ ಅಲ್ಲ, ಅಕ್ಕನ ಮಾತು ನನ್ನ ಬಾಯಲ್ಲಿ. ಆಶ್ರಮದಲ್ಲಿ ಅಕ್ಕನ ಕೋಣೆಯಲ್ಲಿ ಭಾವ ಇದ್ದ, ಟೋಪಿ ಮಡಿಲಲ್ಲಿ. ಅಕ್ಕ ನನ್ನ ಕೋಟಿಗೆ ಅಂಟಿದ ವಾಸನೆಗೆ ಮೂಗು ಏರಿಸಿ, ಹೊಗೆಮೀನು, ಬೋದಿಲ್ ಬಂದ್ಳು ಅಂದಳು, ಇವತ್ತು ನನ್ನನ್ನು ಗುರುತು ಹಿಡಿದಳು. ಸಿಕ್ತು ಅಕ್ಕ ಅಂದೆ. ಅಂಗೈ ಚಾಚಿದಳು, ತೊಟ್ಟಳು, ಮತ್ತೆ ತೆಗೆದಳು, ಬೆರಳ ತುದಿಯಿಂದ ಒಳಗೆ ತಡವಿ ಹೆಸರು ಹುಡುಕುತ್ತಿದ್ದಾಳೆ, ಮುಗಿಯಿತು ಅಂದುಕೊಂಡೆ, ಭಾವ ನನ್ನನ್ನೇ ನೋಡುತ್ತಿದ್ದಾನೆ, ಅವನಿಗೆ ಗೊತ್ತಾಗಿದೆ. ಎಷ್ಟ್ ವರ್ಷ ಆಯ್ತು ನೋಡೇ, ಹೆಸ್ರೇ ಸವೆದ್ಹೋಗಿದೆ — ಅಂದಳು, ತೊಟ್ಟಳು, ಭಾವನ ಕಡೆ ತಿರುಗಿ, ಯಜಮಾನ್ರೇ, ಸಿಕ್ತು, ಇನ್ ಅವನು ಬೈಯಲ್ಲ ಅಲ್ವಾ. ಬೈಯಲ್ಲಮ್ಮ, ಯಾವತ್ತೂ ಬೈಯಲ್ಲ, ಅಂದ ಎಬ್ಬೆ. ಈಗ ಕತ್ತು ವಾಲಿಸಿ ನಿದ್ದೆ ಹೋಗಿದ್ದಾಳೆ, ನಾಳೆ ಸಿಗ್ನೆಗೆ ಹೇಳಬೇಕು, ನಾಳೆ, ಇಲ್ಲವೇ ಎಲ್ಲ ಮುಗಿದ ಮೇಲೆ, ಮುಗಿದ ಮೇಲೆ ಆ ಬೆರಳಿನಿಂದ ಅದನ್ನು ತೆಗೆಯಬೇಕಾದವಳು ನಾನೇ ಅಲ್ಲವೇ, ನಾನೇ, ಈ ಕೈಯಿಂದಲೇ — ಅಕ್ಕನ ಹೆಬ್ಬೆರಳು ಉಂಗುರದ ಮೇಲಿದೆ, ಸವೆದ ಕಡೆಯಲ್ಲೇ, ಉಜ್ಜುತ್ತಿಲ್ಲ, ಸುಮ್ಮನೆ ಇದೆ, ಹೆಬ್ಬೆರಳು, ಸುಮ್ಮನೆ.