ಅಕ್ಕನ ಕೈಗೆ ತಾಳುವ ಪೆಟ್ಟಿಗೆ

ಅಕ್ಕನ ಕೈ ಭಾರ ಎಂಬುದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ವಿಷಯ. ಅವಳು ಬಾಗಿಲು ಹಾಕಿದರೆ ಕಿಟಕಿ ಅದುರುತ್ತಿತ್ತು. ಶಭಾಷ್ ಎಂದು ಬೆನ್ನು ತಟ್ಟಿದರೆ, ತಟ್ಟಿಸಿಕೊಂಡವರು ಸ್ವಲ್ಪ ಹೊತ್ತು ಕೆಮ್ಮುತ್ತಿದ್ದರು. ಸೋಫಾ ರಿಪೇರಿ ಅಂಗಡಿಯಲ್ಲಿ ಹಳೆಯ ಬಟ್ಟೆ ಕಿತ್ತು, ಹೊಸ ಸ್ಪಂಜು ತುಂಬಿ, ಹೊಸ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದು ಮೊಳೆ ಹೊಡೆಯುವುದು ಅವಳ ಕೆಲಸ. ದಿನವಿಡೀ ಹೀಗೆ ದುಡಿಯುವ ಕೈ ಹೂವಿನಂತಿರಲಿ ಎಂದು ಯಾರಾದರೂ ಬಯಸಿದರೆ ತಪ್ಪು ಬಯಸಿದವರದ್ದೇ. ಆದರೆ ವಾರದ ಕೊನೆಗೆ ಅದೇ ಕೈ ಕ್ಲಬ್ಬಿನ ವೇದಿಕೆ ಹತ್ತುತ್ತಿತ್ತು. ತಾಪತ್ರಯ ಶುರುವಾಗುತ್ತಿದ್ದುದು ಅಲ್ಲಿ.

ವೇದಿಕೆಯ ಮೇಲೆ ಅಕ್ಕ, ತಮ್ಮ ಇಬ್ಬರೇ. ತಮ್ಮನ ಮುಂದೆ ಲ್ಯಾಪ್‌ಟಾಪ್, ಅಕ್ಕನ ಮುಂದೆ ಮಿಡಿ ಕಂಟ್ರೋಲರ್. ಮನೆಯಲ್ಲಿ ಅದನ್ನು ಪೆಟ್ಟಿಗೆ ಎಂದೇ ಕರೆಯುತ್ತಿದ್ದರು. ಸಾಲಾಗಿ ರಬ್ಬರಿನ ಪ್ಯಾಡುಗಳು, ಅವುಗಳ ಮೇಲೆ ತಿರುಗಿಸುವ ನಾಬ್‌ಗಳು, ಹಿಂದೆ ಒಂದು ವೈರು. ಪೆಟ್ಟಿಗೆಗೆ ಸ್ವಂತ ದನಿಯಿಲ್ಲ. ಪ್ಯಾಡಿಗೆ ಹೊಡೆದರೆ ಅದು ಲ್ಯಾಪ್‌ಟಾಪಿಗೆ ಸುದ್ದಿ ಮುಟ್ಟಿಸುತ್ತದೆ. ಡೋಲಿನ ಸದ್ದೋ ಗಂಟೆಯ ಸದ್ದೋ ಹೊರಡುವುದು ಲ್ಯಾಪ್‌ಟಾಪಿನಿಂದ. ಆ ಲ್ಯಾಪ್‌ಟಾಪಿನ ಒಳಗೇನಿದೆ ಎಂದು ಅಕ್ಕ ಯಾವತ್ತೂ ಇಣುಕಿದವಳಲ್ಲ. ಅದು ತಮ್ಮನ ಅಡುಗೆಮನೆ, ಅವನೇ ನೋಡಿಕೊಳ್ಳಲಿ ಎಂದು ಬಿಟ್ಟಿದ್ದಳು.

ಎರಡು ವರ್ಷದಲ್ಲಿ ಮೂರು ಪೆಟ್ಟಿಗೆಗಳು ಗೊಟಕ್ ಎಂದಿದ್ದವು. ಮೊದಲನೆಯದರ ಪ್ಯಾಡುಗಳು ಒಳಕ್ಕೆ ಕುಸಿದು ಕೂತವು. ಎರಡನೆಯದರ ನಾಬ್ ಕಿತ್ತು ಹಾರಿ ಮುಂದಿನ ಸಾಲಿನವರೊಬ್ಬರ ಲೋಟದೊಳಗೆ ಬಿತ್ತು. ಮೂರನೆಯದಂತೂ ಹಾಡು ರಂಗೇರಿದ ಹೊತ್ತಿನಲ್ಲೇ ವೈರಿನ ಸಾಕೆಟ್ ಸಡಿಲವಾಗಿ ಮೂಕವಾಯಿತು. ಇದೂ ಸಂಗೀತದ ಒಂದು ವರಸೆ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು, ಮುಂದೇನೂ ಬರದಿದ್ದಾಗ ಚಪ್ಪಾಳೆಯನ್ನು ವಾಪಸು ತೆಗೆದುಕೊಂಡವರ ಹಾಗೆ ಮುಖ ಮಾಡಿದರು. ಅವತ್ತು ಕ್ಲಬ್ಬಿನ ಮಾಲೀಕ ಖಡಾಖಂಡಿತವಾಗಿ ಹೇಳಿಬಿಟ್ಟ: "ಇನ್ನೊಂದು ಸಲ ಹೀಗಾದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ಕರೀತೀನಿ."

ಮನೆಗೆ ಬರುವ ದಾರಿಯಲ್ಲಿ ತಮ್ಮ ಸಮಾಧಾನ ಹೇಳಲು ಹೊರಟ. ಈ ಹುಡುಗನ ಸಮಾಧಾನಕ್ಕಿಂತ ಬೈಗುಳವೇ ವಾಸಿ.

"ಬೇಜಾರು ಮಾಡ್ಕೋಬೇಡ ಅಕ್ಕ. ಕೊನೇ ಸಲ ಒಂದು ಗಟ್ಟಿ ಪೆಟ್ಟಿಗೆ ತಗೊಳ್ಳೋಣ. ಅದೂ ಹೋಯ್ತು ಅಂದ್ರೆ ಆಮೇಲೆ ಎಲ್ಲಾ ನಾನೇ ಲ್ಯಾಪ್‌ಟಾಪಿಂದ ನಡೆಸ್ತೀನಿ. ನೀನು ಲೈಟ್ ನೋಡ್ಕೋ."

ಅಕ್ಕನಿಗೆ ಅಳು ಬಂದಿತ್ತು, ಕತ್ತಲಿದ್ದುದರಿಂದ ಬಚಾವಾದಳು. ಬೇರೆಯವರು ಕೂರುವ ಸೋಫಾಗಳಿಗೆ ಮೊಳೆ ಹೊಡೆಯುತ್ತಲೇ ವಾರ ಕಳೆಯುವವಳಿಗೆ, ಆ ಪ್ಯಾಡುಗಳ ಮುಂದೆ ನಿಂತ ಹೊತ್ತಷ್ಟೇ ತನ್ನದು ಎನಿಸುತ್ತಿತ್ತು. ಅದನ್ನೂ ತನ್ನ ಕೈಯೇ ಹಾಳು ಮಾಡುತ್ತಿದೆಯಲ್ಲ ಎಂದು ಅವಳಿಗೆ ಕೈಯ ಮೇಲೇ ಸಿಟ್ಟು ಬಂತು.

ವಾದ್ಯದಂಗಡಿಯವನು ಮಗು ಮಲಗಿದ ಮನೆಯಲ್ಲಿ ಮಾತಾಡುವವನ ಹಾಗೆ ಪಿಸುದನಿಯ ಮನುಷ್ಯ. ಅಕ್ಕ ಮೊದಲ ಪೆಟ್ಟಿಗೆಯನ್ನು ಎತ್ತಿ ಬೋರಲು ಹಾಕಿ, ಸೋಫಾದ ತಳ ನೋಡುವ ಹಾಗೆ ಎರಡೂ ಹೆಬ್ಬೆರಳಿನಿಂದ ಹೊಟ್ಟೆ ಒತ್ತಿದಾಗಲೇ ಅವನ ಜೀವ ಬಾಯಿಗೆ ಬಂತು. ಅವಳು ಪ್ರತಿ ನಾಬನ್ನೂ ಹಿಡಿದು ಅಲ್ಲಾಡಿಸಿದಳು.

"ಇದು ಒಳಗಿನ ಬೋರ್ಡಿನ ಮೇಲೆ ಸುಮ್ನೆ ನಿಂತಿದೆ. ನಟ್ಟು ಹಾಕಿ ಮೈಗೆ ಬಿಗಿದಿಲ್ಲ. ಬೇಡ."

"ಎಳೀದೆ ನೋಡಿ ಮೇಡಂ," ಎಂದ ಅಂಗಡಿಯವನು ಇನ್ನಷ್ಟು ಪಿಸುದನಿಯಲ್ಲಿ.

ಎರಡನೆಯದು ಪೂರಾ ಕಬ್ಬಿಣ. ಅದನ್ನು ಮೇಜಿನ ಮೇಲಿಡುವಷ್ಟರಲ್ಲಿ ಅಂಗಡಿಯವನು ಸೊಂಟ ಹಿಡಿದುಕೊಂಡ. "ಇದರ ಮೇಲೆ ಕಾರು ಹತ್ತಿಸಿದ್ರೂ ಏನೂ ಆಗಲ್ಲ."

"ಇದೇ ಆಗಲಿ ಅಕ್ಕ," ತಮ್ಮ ಅವಸರ ಮಾಡಿದ. "ಕಟ್ಟಿಸಿಬಿಡೋಣ, ಹೊತ್ತಾಗುತ್ತೆ."

"ನುಡಿಸಿ ನೋಡದೆ ಹೇಗೋ ತಗೊಳ್ಳೋದು? ಕಾರು ಹತ್ತಿಸೋಕೆ ಬಂದಿದೀವಾ?"

"ನುಡಿಸಿ ನೋಡೋದು ಏನಿರುತ್ತೆ ಅಕ್ಕ ಇದರಲ್ಲಿ," ಎಂದು ತಮ್ಮ ರಾಗ ಎಳೆದ. ಅಷ್ಟರಲ್ಲಿ ಅಂಗಡಿಯವನು ಪೆಟ್ಟಿಗೆಯನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿಯೇಬಿಟ್ಟಿದ್ದ.

ಮೊಳೆ ಹೊಡೆಯುವ ಮುಂಚೆ ಬಟ್ಟೆಯನ್ನು ಒಮ್ಮೆ ಸವರುವುದು ಅಕ್ಕನ ಅಭ್ಯಾಸ. ಹಾಗೇ ಒಂದು ಪ್ಯಾಡನ್ನು ಬೆರಳ ತುದಿಯಿಂದ ಸವರಿದಳು. ಸ್ಪೀಕರಿನಿಂದ ಕೇಳಿಯೂ ಕೇಳದ ಹಾಗೆ ಒಂದು ಸದ್ದು ಬಂತು. ಆಮೇಲೆ ಎಂದಿನಂತೆ ಕೈಯೆತ್ತಿ ಬಾರಿಸಿದಳು. ಅಂಗಡಿ ನಡುಗಿತು. ಗೋಡೆಗೆ ತೂಗುಹಾಕಿದ್ದ ಗಿಟಾರುಗಳ ತಂತಿಗಳೆಲ್ಲ ಗುಂಯ್ ಎಂದವು.

"ಇದು ಕೆಟ್ಟಿದೆ," ಎಂದಳು ಅಕ್ಕ.

"ಏನಾಗಿದೆ ಮೇಡಂ?"

"ಒಂದು ಸಲ ಮೆಲ್ಲಗೆ ಬರುತ್ತೆ, ಒಂದು ಸಲ ಜೋರಾಗಿ ಬರುತ್ತೆ. ಒಂದೇ ಸಮ ಇಲ್ಲ. ಬೇರೆ ಕೊಡಿ."

ಅಂಗಡಿಯವನು ಅವಳ ಮುಖ ನೋಡಿದ. ಗಿರಾಕಿ ತಮಾಷೆ ಮಾಡುತ್ತಿರುವಂತೆ ಕಾಣಲಿಲ್ಲ. ಮೂರನೆಯದನ್ನು ತೆಗೆದ. ಅದರ ಮೈ ಲೋಹದ್ದೇ, ಆದರೆ ಒಬ್ಬರೇ ಹೊರುವಷ್ಟು ಹಗುರ. ನಾಬ್‌ಗಳನ್ನು ನಟ್ಟು ಹಾಕಿ ಬಿಗಿದಿದ್ದರು, ಸಾಕೆಟ್ಟಿನ ಸುತ್ತ ದಪ್ಪ ಪಟ್ಟಿಯಿತ್ತು, ಪ್ಯಾಡಿನ ರಬ್ಬರು ಹೆಬ್ಬೆರಳನ್ನು ಮರಳಿ ಮೇಲಕ್ಕೆ ತಳ್ಳುತ್ತಿತ್ತು. ಒಳ್ಳೆಯ ಸ್ಪಂಜಿನ ಲಕ್ಷಣ ಅದು. ಅಕ್ಕನಿಗೆ ಕಂಡ ಕೂಡಲೇ ಇಷ್ಟವಾಯಿತು. ಸವರಿದಳು, ಬಾರಿಸಿದಳು.

"ಅಯ್ಯೋ, ಇದೂ ಕೆಟ್ಟಿದೆ ಕಣೋ," ಎಂದು ನಿಜವಾದ ದುಃಖದಿಂದ ತಮ್ಮನ ಕಡೆ ತಿರುಗಿದಳು.

ತಮ್ಮ ತಲೆಯೆತ್ತಿ ಚಾವಣಿಯ ಫ್ಯಾನನ್ನು ಅಧ್ಯಯನ ಮಾಡುತ್ತಿದ್ದ.

"ಮೇಡಂ," ಅಂಗಡಿಯವನು ಗಂಟಲು ಸರಿಮಾಡಿಕೊಂಡ, "ಮೆಲ್ಲಗೆ ಹೊಡೆದ್ರೆ ಮೆಲ್ಲಗೆ, ಜೋರಾಗಿ ಹೊಡೆದ್ರೆ ಜೋರು. ಎಲ್ಲಾ ಪೆಟ್ಟಿಗೆಯೂ ಹಾಗೇನೇ. ನಿಮ್ಮದು ಹಾಗಿರಲಿಲ್ವಾ?"

"ನಮ್ಮದರಲ್ಲಿ ಹೇಗೆ ಹೊಡೆದ್ರೂ ಒಂದೇ."

"ಹಾಗಾದ್ರೆ ಕಂಪ್ಯೂಟರಿನಲ್ಲಿ ಯಾರೋ ಹಾಗೆ ಕಟ್ಟಿಹಾಕಿದಾರೆ."

ಈ ಭೂಮಿಯ ಮೇಲೆ ಆ ಕಂಪ್ಯೂಟರ್ ಮುಟ್ಟುವವನು ಒಬ್ಬನೇ. ಅಕ್ಕ ಅವನನ್ನೇ ನೋಡಿದಳು. ತಮ್ಮ ಫ್ಯಾನಿನಿಂದ ನಿಧಾನವಾಗಿ ಕೆಳಗಿಳಿದ.

"ಮೊದಲನೇ ಶೋ ದಿನ ನಿನ್ನ ಕೈ ನಡುಗ್ತಿತ್ತು ಅಕ್ಕ. ಅರ್ಧಕ್ಕರ್ಧ ಏಟು ಕೇಳಿಸ್ತಾನೇ ಇರಲಿಲ್ಲ. ಅದಕ್ಕೆ ಹೇಗೆ ಹೊಡೆದ್ರೂ ಒಂದೇ ಸಮ ಬರೋ ಹಾಗೆ ಸೆಟ್ ಮಾಡ್ದೆ. ಅವತ್ತು ಚೆನ್ನಾಗಿ ಬಂತು, ಹಾಗೇ ಬಿಟ್ಟೆ."

"ನನಗೆ ಹೇಳಲಿಲ್ಲ."

"ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ."

ಆಗ ಅಕ್ಕನಿಗೆ ಎಲ್ಲ ಹೊಳೆಯಿತು. ಹಾಡು ಏರುವಾಗ ಸದ್ದೂ ಏರಲಿ ಎಂದು ಹೊಡೆದಿದ್ದಳು. ಏರಲಿಲ್ಲ. ಇನ್ನೂ ಜೋರಾಗಿ ಹೊಡೆದಳು. ಆಗಲೂ ಏರಲಿಲ್ಲ. ಮೈಯ ಬಲವನ್ನೆಲ್ಲ ಒಟ್ಟುಮಾಡಿ ಹೊಡೆದಾಗ ಪೆಟ್ಟಿಗೆಯೇ ಮುರಿಯಿತು. ಒಂದಲ್ಲ, ಮೂರು ಪೆಟ್ಟಿಗೆ. ಅಷ್ಟೂ ದಿನ ಅವಳು ಮುಚ್ಚಿದ ಬಾಗಿಲು ಬಡಿಯುತ್ತಿದ್ದಳು, ಚಿಲಕ ಹಾಕಿದವನು ಪಕ್ಕದಲ್ಲೇ ನಿಂತು ನಿನ್ನ ಕೈ ಭಾರ ಎನ್ನುತ್ತಿದ್ದ.

"ಲೈಟ್ ನೋಡ್ಕೋ ಅಂದ್ಯಲ್ಲ," ಅಕ್ಕನ ದನಿ ಅಂಗಡಿಯವನದಕ್ಕಿಂತ ಸಣ್ಣಗಿತ್ತು, "ಆಗ ನನಗೆ ಬೇಜಾರಾಗುತ್ತೆ ಅನ್ನಿಸಲಿಲ್ವಾ ನಿನಗೆ?"

ತಮ್ಮನ ಕಿವಿ ಕೆಂಪಾಯಿತು. ಆಮೇಲೆ, "ನನಗೆ ಗೊತ್ತಾಗಲಿಲ್ಲ ಅಕ್ಕ, ನಿಜವಾಗ್ಲೂ. ತಪ್ಪಾಯ್ತು," ಎಂದ. ಅವನಿಗೆ ಗೊತ್ತಾಗಿರಲಿಲ್ಲ ಎಂಬುದು ನಿಜವೇ. ಅವನ ಎಡವಟ್ಟುಗಳಲ್ಲಿ ದುರುದ್ದೇಶ ಹುಡುಕಿದವರಿಗೆ ಈವರೆಗೂ ಏನೂ ಸಿಕ್ಕಿಲ್ಲ. ಮೂರನೆಯ ಪೆಟ್ಟಿಗೆಯನ್ನು ಅಂಗಡಿಯವನು ಕಟ್ಟಿಕೊಟ್ಟ ವೇಗ ನೋಡಿದರೆ, ಈ ಸಂಸಾರ ಬೇಗ ಹೊರಟರೆ ಸಾಕು ಎಂಬಂತಿತ್ತು.

ಶೋಗೆ ಮುಂಚೆ ಅಕ್ಕ ತಮ್ಮನ ಹೆಗಲ ಮೇಲಿಂದ ಬಗ್ಗಿ ನಿಂತಳು. ಅವಳ ಕಣ್ಣೆದುರೇ ಅವನು ಲ್ಯಾಪ್‌ಟಾಪಿನಲ್ಲಿ ತಾನೇ ಹಾಕಿದ್ದ ಆ ಕಟ್ಟನ್ನು ಬಿಚ್ಚಿದ.

ಮೊದಲ ಏಟು ಹಳೆಯ ಚಾಳಿಯಂತೆ ಬಿತ್ತು. ಮೊದಲ ಸಾಲಿನವರು ಕುರ್ಚಿ ಸಮೇತ ಹಿಂದೆ ಸರಿದರು. ತಮ್ಮನ ಕೈ ಅಭ್ಯಾಸಬಲದಿಂದ ಲ್ಯಾಪ್‌ಟಾಪಿನತ್ತ ಹೋಯಿತು.

"ಕೈ ತೆಗಿ," ಎಂದಳು ಅಕ್ಕ, ತಲೆಯೆತ್ತದೆ. ಅವನು ತೆಗೆದ.

ಎರಡನೆಯ ಏಟು ಕಡಿಮೆಯಾಯಿತು, ಮೂರನೆಯದು ಇನ್ನೂ ಕಡಿಮೆ. ಬಟ್ಟೆಯ ಸುಕ್ಕನ್ನು ಅಂಗೈಯಲ್ಲಿ ಸವರಿ ಬಿಡಿಸುವುದೂ ಆ ಕೈಗೆ ಗೊತ್ತಿತ್ತು. ವೇದಿಕೆಯ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಡೋಲಿನ ದನಿ ದೂರ ದೂರ ಹೋಗುತ್ತಾ ಕೊನೆಗೆ ಯಾರೋ ಪಕ್ಕದ ಕೋಣೆಯಲ್ಲಿ ನಡೆದಾಡುತ್ತಿರುವಷ್ಟು ಸಣ್ಣಗಾಯಿತು. ಹರಟೆ ಹೊಡೆಯುತ್ತಿದ್ದವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಅಕ್ಕನಿಗೆ ಭಯವಾಗುತ್ತಿತ್ತು, ಖುಷಿಯೂ ಆಗುತ್ತಿತ್ತು, ಎರಡೂ ಬೆರಳ ತುದಿಯಲ್ಲಿದ್ದವು.

ಅಷ್ಟು ಹೊತ್ತಿಗೆ ಕ್ಲಬ್ಬಿನ ಮಾಲೀಕ ಹಿಂದಿನಿಂದ ದಡಬಡ ಬಂದ. ಹುಬ್ಬು ಗಂಟಿಕ್ಕಿ ತಮ್ಮನ ಕಡೆ ಬಗ್ಗಿದ.

"ಮತ್ತೆ ಕೆಟ್ಟೋಯ್ತಾ?"

"ಇಲ್ಲ ಸಾರ್," ತಮ್ಮ ಪಿಸುಗುಟ್ಟಿದ. ಅವನ ಎರಡೂ ಕೈ ಮಡಿಲಲ್ಲಿದ್ದವು. "ಅಕ್ಕ ನುಡಿಸ್ತಿದ್ದಾಳೆ. ಕೇಳಿ."

ಮಾಲೀಕ ಇನ್ನೇನೋ ಹೇಳಲು ಬಾಯಿ ತೆರೆದವನು ಹಾಗೇ ವೇದಿಕೆಯ ಅಂಚಿನಲ್ಲಿ ಕೂತ, ಕಿವಿಯ ಹಿಂದೆ ಅಂಗೈ ಹಿಡಿದ.